ನೀರಿನ ಮೇಲೊಂದು ರಾತ್ರಿಯ ಬಾಡಿಗೆ

ಪರಸ್ಥಳಕ್ಕೆ ಹೋದವನಿಗೆ ಹೊತ್ತು ಮುಳುಗುತ್ತಲೇ ಹುಟ್ಟುವ ಮೊದಲನೆಯ ಚಿಂತೆ ಊಟದ್ದಲ್ಲ, ಮೈಚಾಚುವ ಸ್ಥಳದ್ದು. ಈ ಚಿಂತೆಯನ್ನು ಬಲ್ಲವರಾಗಿದ್ದುದರಿಂದಲೇ ನಮ್ಮ ಹಿರಿಯರು ದಾರಿಯುದ್ದಕ್ಕೂ ಛತ್ರಗಳನ್ನು ಕಟ್ಟಿಸಿದರು, ಅರವಟ್ಟಿಗೆಗಳನ್ನಿಟ್ಟರು, ಸಾಲುಮರಗಳನ್ನು ನೆಡಿಸಿದರು. ಛತ್ರದಲ್ಲಿ ಮಲಗಿದವನು ಬಾಡಿಗೆ ಕೊಡಬೇಕಾಗಿರಲಿಲ್ಲ. ಹೋಟೆಲಿನಲ್ಲಿ ಮಲಗಿದವನು ಕೊಡಲೇಬೇಕು. ಈ ಎರಡರ ಅಂತರವನ್ನು ಗೃಹಸ್ಥರೆಲ್ಲರೂ ಬಲ್ಲರು. ಆದರೆ ತನ್ನ ಮನೆಯನ್ನೇ ಸಂಗಡ ತೆಗೆದುಕೊಂಡು ಹೊರಟವನ ಮಾತೇನು? ಹಾಸಿಗೆ, ಒಲೆ, ಪಾತ್ರೆ ಪಡಗ ಎಲ್ಲವನ್ನೂ ದೋಣಿಯೊಳಗಿಟ್ಟುಕೊಂಡು ಹೆಂಡತಿ ಮಕ್ಕಳೊಡನೆ ಕಡಲಿಗಿಳಿದವನು ಒಂದು ರಾತ್ರಿಯ ನಿಲುಗಡೆಗೆ ಏತಕ್ಕೆ ಬಾಡಿಗೆ ಕೊಡಬೇಕು? ಕೊಡುವುದಾದರೆ ಯಾವುದರ ಬಾಬ್ತು ಕೊಡುತ್ತಾನೆ? ಈ ತಿಂಗಳು ಈ ಪುಟದಲ್ಲಿ ಆ ಪ್ರಶ್ನೆಯನ್ನು ವಿಚಾರಿಸೋಣ. ಇದು ಸಿರಿವಂತರ ವಿನೋದದ ಮಾತೆಂದು ವಾಚಕರು ಹಾಳೆ ಮಗುಚಬಾರದು. ಇದರೊಳಗಿರುವ ನ್ಯಾಯವು ಎಲ್ಲ ಮನೆಗಳಿಗೂ ಸಲ್ಲತಕ್ಕದ್ದಾಗಿದೆ.

ಮರೀನಾ ಎಂದೊಡನೆ ನಮ್ಮವರಿಗೆ ನೆನಪಾಗುವುದು ಚೆನ್ನೈ ನಗರದ ಕಡಲತೀರ. ೧೮೮೦ರ ದಶಕದಲ್ಲಿ ಅಲ್ಲಿ ಗವರ್ನರಾಗಿದ್ದ ಗ್ರಾಂಟ್ ಡಫ್ ಎಂಬಾತನು ಅದಕ್ಕೆ ಆ ಹೆಸರನ್ನಿಟ್ಟನು. ಸಮುದ್ರಕ್ಕೆ ಸಂಬಂಧಪಟ್ಟುದು ಎಂಬ ಅರ್ಥವುಳ್ಳ ಇಟಲಿಯ ಮಾತದು. ಆದರೆ ನೌಕಾವಿಹಾರಿಗಳ ನುಡಿಯಲ್ಲಿ ಮರೀನಾ ಎಂದರೆ ತೀರವಲ್ಲ. ಸರಕಿನ ಹಡಗುಗಳಿಗೂ ಮೀನುಗಾರರಿಗೂ ಅಲ್ಲದೆ ಕೇವಲ ವಿಹಾರದ ದೋಣಿಗಳಿಗೆಂದು ಕಟ್ಟಿದ ಸಣ್ಣ ಬಂದರು. ಇಂತಹ ಬಂದರುಗಳು ಒತ್ತಾಗಿ ನೆರೆದಿರುವ ಸ್ಥಳಗಳಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸೋಲೆಂಟ್ ಒಂದು. ಒಂದು ಕಡೆ ಹ್ಯಾಂಪ್‌ಷೈರ್ ಪ್ರಾಂತ, ಮತ್ತೊಂದು ಕಡೆ ವೈಟ್ ದ್ವೀಪ. ಇವೆರಡರ ನಡುವಣ ಕಿರಿದಾದ ಕಡಲೇ ಸೋಲೆಂಟ್. ಆ ದ್ವೀಪದ ಕೌಸ್ ಎಂಬ ಊರಿನಲ್ಲಿ ೧೮೨೬ರಲ್ಲಿ ಮೊದಲಾದ ಹಾಯಿದೋಣಿಗಳ ಪಂದ್ಯವು ಇಂದಿಗೂ ಬೇಸಗೆಯಲ್ಲಿ ನಡೆದು ಬರುತ್ತಿದೆ. ಅಲ್ಲಿಯ ಲೆಕ್ಕವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಈಚಿನ ವರ್ಷಗಳ ಬೇಸಗೆಯಲ್ಲಿ ಸೋಲೆಂಟಿನ ಮರೀನಾಗಳಲ್ಲಿ ದೋಣಿಯ ಉದ್ದದ ಮೀಟರೊಂದಕ್ಕೆ, ರಾತ್ರಿಯೊಂದಕ್ಕೆ, ನಾಲ್ಕು ಪೌಂಡು ಅಥವಾ ಅದಕ್ಕೂ ಮೇಲ್ಪಟ್ಟ ದರವು ಸಾಮಾನ್ಯವಾಗಿದೆ. ನಾಲ್ಕೆಂದೇ ಹಿಡಿದರೂ ಹತ್ತು ಮೀಟರಿನ ದೋಣಿಗೆ ೪೦ ಪೌಂಡು. ನಮ್ಮ ನಾಣ್ಯದಲ್ಲಿ ನಾಲ್ಕು ಸಾವಿರ ರೂಪಾಯಿಗೂ ಹೆಚ್ಚು. ಬೇಸಗೆಯೊಂದರಲ್ಲಿ ಇಪ್ಪತ್ತು ರಾತ್ರಿ ಹೊರಗೆ ತಂಗಿದರೆ ೮೦೦ ಪೌಂಡು. ವಿದ್ಯುಚ್ಛಕ್ತಿಗೆ ಕೆಲವೆಡೆ ಬೇರೆ ಮೀಟರು, ಬೇರೆ ಹಣ. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬ ಗಾದೆಯು ಇಲ್ಲಿ ಅಕ್ಷರಶಃ ನಿಜವಾಗುತ್ತದೆ: ಎಷ್ಟು ಉದ್ದ ಚಾಚಿದರೆ ಅಷ್ಟು ಬಾಡಿಗೆ. ಹಳೆಯ ಮಾದರಿಯ ಹಾಯಿದೋಣಿಗಳ ಮೂತಿಯಿಂದ ಮುಂದಕ್ಕೆ ಒಂದು ಉದ್ದನೆಯ ಮರದ ಕೋಲು ಚಾಚಿರುವುದುಂಟು. ಅಳತೆಗಾರನು ಆ ಕೋಲಿನ ತುದಿಯಿಂದ ಅಳೆಯುವುದರಿಂದ, ಪಾಪ, ಆ ದೋಣಿಯ ಯಜಮಾನನು ಯಾರೂ ಮಲಗಲಾಗದ ಕೋಲಿಗೂ ಪ್ರತಿ ರಾತ್ರಿ ಬಾಡಿಗೆ ತೆರುತ್ತಾನೆ. ಎರಡು ಒಡಲುಗಳನ್ನು ಜೋಡಿಸಿದ ಅಗಲವಾದ ದೋಣಿಗೆ, ಅಂದರೆ ತಮಿಳರ ಕಟ್ಟುಮರದಿಂದ ಹೆಸರನ್ನು ಪಡೆದ ಕಟಮರಾನಿಗೆ, ಒಂದೂವರೆ ಪಟ್ಟು ತೆಗೆದುಕೊಳ್ಳುವುದು ಹಲವು ಕಡೆಗಳ ವಾಡಿಕೆ. ಸ್ಪೇನಿನ ಸರಕಾರಿ ಬಂದರುಗಳ ಸುಂಕವಾದರೋ ಉದ್ದವನ್ನೂ ಅಗಲವನ್ನೂ ಗುಣಿಸಿ ಬಂದ ಚದರ ಮೀಟರುಗಳ ಮೇಲಿದೆ. ಯೋಚಿಸಿದರೆ ಅದೇ ಹೆಚ್ಚು ನ್ಯಾಯವಾದ ಅಳತೆಯೆಂದು ತೋರುತ್ತದೆ.

ಹಿಂದೆ ಅಳತೆ ಹೀಗಿರಲಿಲ್ಲ. ಹಡಗೆಂದರೆ ಸರಕು ಹೊರುವ ವಾಹನವಾದುದರಿಂದ ಬಂದರಿನ ಸುಂಕವು ಟನ್ನಿನ ಲೆಕ್ಕದಲ್ಲಿತ್ತು. ಜೋಷುವಾ ಸ್ಲೋಕಂ ಎಂಬ ನಾವಿಕನು ೧೮೯೫ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಹೊರಟು, ಸ್ಪ್ರೇ ಎಂಬ ಸುಮಾರು ೩೭ ಅಡಿಯ ಹಾಯಿದೋಣಿಯಲ್ಲಿ ಒಬ್ಬಂಟಿಗನಾಗಿ ಭೂಪ್ರದಕ್ಷಿಣೆ ಮಾಡಿ, ೧೮೯೮ರಲ್ಲಿ ತನ್ನ ದೇಶಕ್ಕೆ ಮರಳಿದನು. ಒಬ್ಬನೇ ಲೋಕವನ್ನು ಸುತ್ತಿಬಂದವರಲ್ಲಿ ಅವನೇ ಮೊದಲಿಗ. ಆ ಪ್ರಯಾಣದ ನಡುವೆ ಆಸ್ಟ್ರೇಲಿಯದ ಮೆಲ್ಬೋರ್ನಿನಲ್ಲಿ ಸುಂಕದವರು ಅವನ ಪುಟ್ಟ ದೋಣಿಗೂ ಟನ್ನಿನ ಲೆಕ್ಕವನ್ನು ಹಾಕಿ ಆರು ಷಿಲಿಂಗು ಆರು ಪೆನ್ನಿಯನ್ನು ಕೇಳಿದರು. ಹನ್ನೆರಡು ಟನ್ನಿನ ಮೇಲೆ ಉಳಿದ ಚೂರಿಗೂ ಒಂದು ಇಡೀ ಟನ್ನಿನ ಸುಂಕವೇ ಬಿದ್ದಿತ್ತು. ಸ್ಲೋಕಂ ಜಗಳವಾಡಲಿಲ್ಲ. ದೋಣಿಯನ್ನು ನೋಡಬಂದವರಿಂದ ತಲೆಗೆ ಆರು ಪೆನ್ನಿಯಂತೆ ವಸೂಲು ಮಾಡಿದನು. ಆ ನೆರವಿ ಕಡಿಮೆಯಾದಾಗ ಒಂದು ದೊಡ್ಡ ಷಾರ್ಕ್ ಮೀನನ್ನು ಹಿಡಿದು, ಅದನ್ನು ನೋಡುವುದಕ್ಕೂ ಆರಾರು ಪೆನ್ನಿಯನ್ನು ಗೊತ್ತುಮಾಡಿದನು. ಲೆಕ್ಕ ಹಾಕಿದರೆ ಹದಿಮೂರು ಮಂದಿ ಬಂದೊಡನೆ ಸುಂಕ ತೀರಿತು! ಸರಕನ್ನೇ ಹೊರದ ದೋಣಿಗೆ ಸರಕಿನ ಅಳತೆಯನ್ನು ಹಚ್ಚುವುದು ಎಂತಹ ವಿಚಿತ್ರವೆಂಬುದನ್ನು ಅವನು ನಗುನಗುತ್ತ ತೋರಿಸಿಕೊಟ್ಟನೆನ್ನಬಹುದು. ಈಗಿನ ವಿಹಾರದೋಣಿಯು ಹೊರುವುದು ಜನರನ್ನು, ಆಕ್ರಮಿಸುವುದು ಸ್ಥಳವನ್ನು. ಆದುದರಿಂದ ಅಳತೆಯು ಟನ್ನಿನಿಂದ ಅಡಿಗೂ ಅಡಿಯಿಂದ ಮೀಟರಿಗೂ ಬಂದು ನಿಂತಿದೆ.

ಇನ್ನು ಆ ನಲವತ್ತು ಪೌಂಡು ಎಲ್ಲಿಗೆ ಹೋಗುತ್ತದೆ? ನೀರು ದೇವರು ಕೊಟ್ಟದ್ದು, ಅದಕ್ಕೇಕೆ ಹಣ ಎಂದು ಕೇಳುವವರು ಸಮುದ್ರವು ಒಂದು ದಿನದಲ್ಲಿ ಪಡುವ ಅವಸ್ಥೆಯನ್ನು ನೋಡಬೇಕು. ಆ ತೀರದಲ್ಲಿ ದಿನಕ್ಕೆ ಎರಡಾವರ್ತಿ ಉಬ್ಬರ, ಎರಡಾವರ್ತಿ ಇಳಿತ. ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿನಲ್ಲಿ ಸೌತಾಂಪ್ಟನ್ನಿನ ನೀರು ನಾಲ್ಕು ಮೀಟರಿನ ಹತ್ತಿರದವರೆಗೆ ಏರಿ ಇಳಿಯುವುದು. ಕಲ್ಲಿನ ಕಟ್ಟೆಗೆ ದೋಣಿಯನ್ನು ಬಿಗಿದು ಮಲಗಿದವನು ನಡುರಾತ್ರಿಯಲ್ಲಿ ಎದ್ದು ಹಗ್ಗವನ್ನು ಸಡಿಲಿಸದಿದ್ದರೆ, ಬೆಳಗಾಗುವಷ್ಟರಲ್ಲಿ ದೋಣಿಯು ಗೂಟಕ್ಕೆ ನೇತುಬಿದ್ದ ಬಿಂದಿಗೆಯಂತಾದೀತು. ಈ ಕಷ್ಟವನ್ನು ತಪ್ಪಿಸುವುದಕ್ಕಾಗಿ ಮರೀನಾದಲ್ಲಿ ತೇಲುವ ಜಗಲಿಗಳನ್ನು ಮಾಡಿರುತ್ತಾರೆ. ನೆಲಕ್ಕೆ ಹೂಡಿದ ಕಂಬಗಳಿಗೆ ಬಳೆ ತೊಡಿಸಿದಂತೆ ಅವು ನೀರಿನೊಡನೆ ಏರುತ್ತವೆ, ನೀರಿನೊಡನೆ ಇಳಿಯುತ್ತವೆ. ದೋಣಿಯಿಂದ ಜಗಲಿಗೆ ಒಂದು ಹೆಜ್ಜೆ. ಮಕ್ಕಳೂ ಮುದುಕರೂ ನಿರಾತಂಕವಾಗಿ ಇಳಿಯಬಹುದು. ಕುಡಿಯುವ ನೀರಿನ ನಲ್ಲಿ, ದೀಪ, ಬಿಸಿನೀರಿನ ಸ್ನಾನದ ಮನೆ, ಕಸದ ತೊಟ್ಟಿ, ರಾತ್ರಿಯ ಕಾವಲುಗಾರ, ಇವೆಲ್ಲವೂ ಆ ಹಣದೊಳಗೆ ಬರತಕ್ಕವು.

ಕಣ್ಣಿಗೆ ಕಾಣದ ವೆಚ್ಚವು ಕಾಣುವ ವೆಚ್ಚಕ್ಕಿಂತ ದೊಡ್ಡದು. ಅಲೆಯನ್ನು ತಡೆದು ನಿಲ್ಲಿಸಿದ ನೀರಿನಲ್ಲಿ ಹೂಳು ತಂಗುವುದು ಪ್ರಕೃತಿಯ ನಿಯಮ. ಅದನ್ನು ಎತ್ತುತ್ತಿರದಿದ್ದರೆ ಮರೀನಾವು ಕೆಲವು ವರ್ಷಗಳಲ್ಲಿ ಕೆಸರುಗದ್ದೆಯಾದೀತು. ಸೋಲೆಂಟಿನಿಂದ ಪೂರ್ವಕ್ಕಿರುವ ಬ್ರೈಟನ್ ಮರೀನಾವನ್ನು ತೆರೆದ ಕಡಲಿಗೆ ಎದುರಾಗಿ, ಭಾರಿಯಾದ ಕಾಂಕ್ರೀಟಿನ ಪೆಟ್ಟಿಗೆಗಳಿಂದ ಅಲೆತಡೆಗೋಡೆಗಳನ್ನು ಹಾಕಿ ಕಟ್ಟಿದರು. ೧೯೭೯ರಲ್ಲಿ ರಾಣಿ ಎರಡನೆಯ ಎಲಿಜಬೆತ್ ಅದನ್ನು ತೆರೆದರು. ಕಡಲನ್ನು ಹೊರಗೆ ನಿಲ್ಲಿಸಿದ್ದಾಯಿತು. ಆದರೆ ಬಾಗಿಲಲ್ಲಿ ಬಂದು ಕೂಡುವ ಮರಳನ್ನು ತೆಗೆಯುವ ಕೆಲಸ ಮಾತ್ರ ಮುಗಿಯುವಂತಹುದಲ್ಲ. ಇದಲ್ಲದೆ ಬ್ರಿಟನ್ನಿನ ಸುತ್ತಣ ಕಡಲತಳದ ಬಹುಪಾಲು ರಾಜಮನೆತನದ ಹೆಸರಿನಲ್ಲಿರುವ ಕ್ರೌನ್ ಎಸ್ಟೇಟ್ ಎಂಬ ಆಸ್ತಿಗೆ ಸೇರಿದುದಾದ್ದರಿಂದ, ಅನೇಕ ಮರೀನಾಗಳು ನೀರಡಿಯ ನೆಲಕ್ಕೂ ಗೇಣಿ ಕೊಡುತ್ತವೆ. ವಿಹಾರದ ಕಾಲವಾದರೋ ಬೇಸಗೆಯ ನಾಲ್ಕೈದು ತಿಂಗಳು. ಕೆಲಸಗಾರರ ಸಂಬಳ ಹನ್ನೆರಡು ತಿಂಗಳು. ಜಾತ್ರೆಯ ಊರಿನ ಅಂಗಡಿಯವನು ಹತ್ತು ದಿನದಲ್ಲಿ ವರ್ಷವನ್ನು ಸಾಗಿಸುವಂತೆ ಮರೀನಾದವನೂ ಬೇಸಗೆಯಲ್ಲಿ ಚಳಿಗಾಲವನ್ನು ಸಂಪಾದಿಸಿಕೊಳ್ಳಬೇಕಾಗಿದೆ. ಇಷ್ಟನ್ನು ತಿಳಿದ ಮೇಲೆ ದರವು ಹೆಚ್ಚೆಂದು ಹೇಳಬಹುದು. ಸುಲಿಗೆಯೆಂದು ಹೇಳುವ ಮೊದಲು ಎರಡಾವರ್ತಿ ಯೋಚಿಸಬೇಕು.

ಹಣವಿಲ್ಲದವನಿಗೆ ಬೇರೆ ದಾರಿಯಿಲ್ಲವೆಂದೇನೂ ಅಲ್ಲ. ಮೊದಲನೆಯದು, ಹೊಳೆಯ ನಡುವೆ ಸರಪಳಿಯಿಂದ ತಳಕ್ಕೆ ಬಿಗಿದ ತೇಲುಗುಂಡು. ಅದಕ್ಕೆ ದೋಣಿಯನ್ನು ಕಟ್ಟಿದರೆ ಬಾಡಿಗೆ ಕಡಿಮೆ, ಆದರೆ ದಡಕ್ಕೆ ಹೋಗಲು ಕಿರುದೋಣಿಯಲ್ಲಿ ಹುಟ್ಟು ಹಾಕಬೇಕು. ಎರಡನೆಯದು, ಸ್ಥಳ ಸಾಲದ ಹಳೆಯ ಬಂದರುಗಳಲ್ಲಿ ಒಂದು ದೋಣಿಯ ಪಕ್ಕಕ್ಕೆ ಮತ್ತೊಂದನ್ನು, ಅದರ ಪಕ್ಕಕ್ಕೆ ಇನ್ನೊಂದನ್ನು ಕಟ್ಟುವುದು. ಹೊರಗಿನ ದೋಣಿಯವನು ದಡಕ್ಕೆ ಬರಬೇಕಾದರೆ ಒಳಗಿನವರ ಅಟ್ಟದ ಮೇಲೆಯೇ ನಡೆದು ಬರಬೇಕು. ಅದಕ್ಕೂ ಒಂದು ಮರ್ಯಾದೆಯುಂಟು: ದೋಣಿಯ ಮುಂಭಾಗದಿಂದ ಮೆಲ್ಲನೆ ದಾಟಬೇಕೇ ಹೊರತು, ಅವರು ಕುಳಿತು ಊಟ ಮಾಡುವ ಹಿಂಭಾಗದಿಂದ ಹಾಯಬಾರದು. ನೆರೆಮನೆಯ ಜಗಲಿಯನ್ನು ತುಳಿಯಬಹುದು, ಅಡಿಗೆಯ ಮನೆಯನ್ನು ತುಳಿಯಬಾರದು ಎಂಬಂತೆ! ಮೂರನೆಯದು, ತಳದಲ್ಲಿ ಜೋಡಿ ರೆಕ್ಕೆಗಳಿರುವ ದೋಣಿಗಳು ಇಳಿತದ ಕಾಲದಲ್ಲಿ ಕೆಸರಿನ ಮೇಲೆ ನೆಟ್ಟಗೆ ಕುಳಿತುಕೊಳ್ಳುವುದು. ನೀರು ಮರಳುವವರೆಗೆ ಯಜಮಾನನೂ ಅಲ್ಲಿಯೇ ಬಂದಿ. ನಾಲ್ಕನೆಯದೂ ಎಲ್ಲಕ್ಕೂ ಹಿರಿಯದೂ ಆದ ಉಪಾಯವೆಂದರೆ ಲಂಗರು.

ಉಬ್ಬರವಿಳಿತವುಳ್ಳ ನೀರಿನಲ್ಲಿ ಸಂಚರಿಸುವ ಹಕ್ಕು ಇಂಗ್ಲೆಂಡಿನಲ್ಲಿ ಸರ್ವರಿಗೂ ಸೇರಿದ್ದು. ಸಂಚಾರದ ಅಂಗವಾಗಿ ಕೆಲಕಾಲ ಲಂಗರು ಬಿಟ್ಟು ನಿಲ್ಲುವುದೂ ಆ ಹಕ್ಕಿನೊಳಗೇ ಬರುತ್ತದೆ. ಬಂದರಿನ ಎಲ್ಲೆಯೊಳಗಾದರೆ ಅಲ್ಲಿಯ ಅಧಿಕಾರಿಗಳು ಸುಂಕವನ್ನು ಕೇಳಬಹುದು. ಹೊರಗಿನ ಕೊಲ್ಲಿಗಳಲ್ಲಿ ಕೇಳುವವರಿಲ್ಲ. ಇದೇ ಕಡಲಿನ ಛತ್ರ. ಇಲ್ಲಿ ಕೊಡಬೇಕಾದ ಬಾಡಿಗೆಯೆಂದರೆ ಎಚ್ಚರ. ಗಾಳಿ ಎತ್ತಲಿಂದ ತಿರುಗೀತು, ಇಳಿತದಲ್ಲಿ ನೀರೆಷ್ಟು ಉಳಿದೀತು, ಸರಪಳಿ ಎಷ್ಟು ಬಿಟ್ಟಿದೆ, ಪಕ್ಕದ ದೋಣಿ ಸುತ್ತು ಹೊಡೆದರೆ ತಗುಲೀತೇ, ಇವನ್ನೆಲ್ಲ ಎಣಿಸಿದವನಿಗೆ ಮಾತ್ರ ಅಲ್ಲಿ ನಿದ್ರೆ. ಮೇಲಿನ ಲೆಕ್ಕದ ಇಪ್ಪತ್ತು ರಾತ್ರಿಗಳಲ್ಲಿ ಹನ್ನೆರಡನ್ನು ಲಂಗರಿನ ಮೇಲೆ ಕಳೆದು ಎಂಟನ್ನು ಮಾತ್ರ ಮರೀನಾದಲ್ಲಿ ಕಳೆದರೆ ೮೦೦ ಪೌಂಡಿನ ವೆಚ್ಚ ೩೨೦ಕ್ಕೆ ಇಳಿಯುತ್ತದೆ. ಒಳ್ಳೆಯ ಲಂಗರಿಗೂ ಸರಪಳಿಗೂ ಕೊಟ್ಟ ಹಣವು ಬೇಗನೆ ಮರಳಿ ಕೈಸೇರುವುದೆಂಬುದು ಇದರಿಂದ ಸ್ಪಷ್ಟ.

ಆದರೆ ಪುಕ್ಕಟೆಯೆಂಬ ವಸ್ತುವಿಗೂ ಎಲ್ಲೋ ಒಬ್ಬರು ಬೆಲೆ ತೆರುತ್ತಿರುತ್ತಾರೆ. ಸೋಲೆಂಟಿನ ಪಶ್ಚಿಮಕ್ಕೆ ಡಾರ್ಸೆಟ್ ಪ್ರಾಂತದಲ್ಲಿ ಸ್ಟಡ್‌ಲ್ಯಾಂಡ್ ಎಂಬ ಕೊಲ್ಲಿಯಿದೆ. ನೈಋತ್ಯದ ಗಾಳಿಗೆ ಮರೆಯಾದ ಆ ತಿಳಿನೀರಿನಲ್ಲಿ ಬೇಸಗೆಯ ದಿನಗಳಲ್ಲಿ ದೋಣಿಗಳು ಗುಂಪುಗುಂಪಾಗಿ ಲಂಗರು ಬಿಡುವುದು ಹಳೆಯ ಪದ್ಧತಿ. ಅದೇ ನೀರಿನ ತಳದಲ್ಲಿ ಸಮುದ್ರದ ಹುಲ್ಲುಗಾವಲು ಹಬ್ಬಿದೆ. ಆ ಹುಲ್ಲಿನ ಎಸಳುಗಳಿಗೆ ಬಾಲವನ್ನು ಸುತ್ತಿಕೊಂಡು ಕಡಲಕುದುರೆಗಳೆಂಬ ವಿಚಿತ್ರವಾದ ಪುಟ್ಟ ಮೀನುಗಳು ಬಾಳುತ್ತವೆ. ಲಂಗರು ಎಳೆದಾಗಲೆಲ್ಲ ಹುಲ್ಲು ಬೇರುಸಹಿತ ಕಿತ್ತುಬರುವುದು. ೨೦೧೯ರಲ್ಲಿ ಆ ಕೊಲ್ಲಿಯನ್ನು ರಕ್ಷಿತ ಪ್ರದೇಶವೆಂದು ಗೊತ್ತುಮಾಡಿ, ೨೦೨೧ರ ಡಿಸೆಂಬರಿನಿಂದ ಹುಲ್ಲಿರುವ ಭಾಗದಲ್ಲಿ ಲಂಗರು ಬಿಡಬಾರದೆಂದು ನಾವಿಕರನ್ನು ಕೇಳಿಕೊಂಡರು. ಬಲಾತ್ಕಾರವಿಲ್ಲ, ಮನವಿ ಮಾತ್ರ. ತಳವನ್ನು ಉಜ್ಜದಂತಹ ಹೊಸ ಮಾದರಿಯ ತೇಲುಗುಂಡುಗಳನ್ನೂ ಅಲ್ಲಿ ಹಾಕಿದ್ದಾರೆ. ದೋಣಿಯವರಲ್ಲಿ ಕೆಲವರು ತಮ್ಮ ಪುರಾತನವಾದ ಹಕ್ಕು ಹೋಯಿತೆಂದು ನೊಂದುಕೊಂಡರು. ಅವರ ನೋವು ಸುಳ್ಳಲ್ಲ. ಪುಕ್ಕಟೆಯ ನಿಲುಗಡೆಯೊಂದು ಕಡಿಮೆಯಾದಾಗಲೆಲ್ಲ ಬಡ ನಾವಿಕನು ಮರೀನಾದ ಕಡೆಗೆ ಒಂದು ಹೆಜ್ಜೆ ತಳ್ಳಲ್ಪಡುತ್ತಾನೆ. ಆದರೆ ಛತ್ರದಲ್ಲಿ ಮಲಗಿದವನು ಛತ್ರದ ತೊಲೆಯನ್ನು ಮುರಿದು ಒಲೆಗೆ ಹಾಕಬಹುದೇ? ಮುಂದೆ ಬರುವವರಿಗೂ ಉಳಿಯಬೇಕಾದುದನ್ನು ಉಳಿಸಿ ನಡೆಯುವುದೇ ಆತಿಥ್ಯವನ್ನು ಪಡೆದವನ ಧರ್ಮ.

ಮರೀನಾದವರ ಕಡೆಯಿಂದಲೂ ಒಂದು ಸಂಗತಿಯನ್ನು ಪ್ರಸ್ತಾಪಿಸದೆ ಬಿಡಲಾಗದು. ದೋಣಿಯ ಯಜಮಾನನಿಗೆ ಊರಿನಲ್ಲಿ ತನ್ನದೇ ಆದ ನಿಲುಗಡೆಯಿರುತ್ತದೆ. ಅದಕ್ಕೆ ವರ್ಷದ ಬಾಡಿಗೆಯನ್ನು ಮುಂಗಡವಾಗಿ ಕೊಟ್ಟಿರುತ್ತಾನೆ. ಅವನು ಪ್ರಯಾಣ ಹೊರಟು ಸ್ಥಳವು ಬರಿದಾದೊಡನೆ ಮರೀನಾದವರು ಅದೇ ಸ್ಥಳವನ್ನು ಬಂದ ಅತಿಥಿಗೆ ರಾತ್ರಿಯ ದರದಲ್ಲಿ ಕೊಡುತ್ತಾರೆ. ಒಪ್ಪಂದದ ಪತ್ರದಲ್ಲಿ ಅದಕ್ಕೆ ಅವಕಾಶವನ್ನು ಬರೆದಿರುವುದೇ ಸಾಮಾನ್ಯ. ಆ ಹೊತ್ತಿನಲ್ಲಿ ಯಜಮಾನನು ಇನ್ನೊಂದು ಊರಿನ ಮರೀನಾದಲ್ಲಿ, ಇನ್ನೊಬ್ಬನ ಬರಿದಾದ ಸ್ಥಳಕ್ಕೆ, ತಾನೂ ರಾತ್ರಿಯ ದರವನ್ನು ತೆರುತ್ತಿರುತ್ತಾನೆ. ಬಾಡಿಗೆಯ ಮನೆಯವರು ಮದುವೆಗೆಂದು ಪರವೂರಿಗೆ ಹೋದಾಗ ಮನೆಯೊಡೆಯನು ಅವರ ಕೋಣೆಯನ್ನು ನೆಂಟರಿಗೆ ಕೊಟ್ಟು ಎರಡು ಬಾಡಿಗೆಯನ್ನೂ ಪಡೆದಂತಾಯಿತಲ್ಲವೇ? ಬಂದ ಅತಿಥಿಗೆ ಸ್ಥಳ ದೊರೆಯುವುದು ಈ ಏರ್ಪಾಟಿನಿಂದಲೇ ಎಂಬುದೂ ನಿಜ. ಆದುದರಿಂದ ಏರ್ಪಾಟು ಹೋಗಬೇಕೆಂದು ನಾವು ಹೇಳುವುದಿಲ್ಲ. ಲಾಭದಲ್ಲಿ ಒಂದು ಪಾಲು ಸ್ಥಳದ ಯಜಮಾನನಿಗೂ ಸಲ್ಲಬೇಕು. ಹಲವು ಮರೀನಾಗಳನ್ನು ನಡೆಸುವ ಕೆಲವು ಕಂಪನಿಗಳು ತಮ್ಮ ವರ್ಷದ ಬಾಡಿಗೆದಾರರಿಗೆ ಉಳಿದ ತಮ್ಮ ಮರೀನಾಗಳಲ್ಲಿ ಕೆಲವು ರಾತ್ರಿಗಳನ್ನು ಪುಕ್ಕಟೆಯಾಗಿಯೋ ಸೋಡಿಯಿಂದಲೋ ಕೊಡುತ್ತವೆ. ಇದು ಸರಿಯಾದ ದಾರಿ.

ಈಗ ಮುಖ್ಯವಾದ ಮಾತಿಗೆ ಬರೋಣ. ಒಂದು ಸಂಜೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಎಂಟು ಮೀಟರಿನ ದೋಣಿ; ಗಂಡ, ಹೆಂಡತಿ, ಇಬ್ಬರು ಮಕ್ಕಳು. ಬೆಳಗ್ಗೆ ಶಾಂತವಾಗಿದ್ದ ಕೊಲ್ಲಿಗೆ ಗಾಳಿ ತಿರುಗಿ ಅಲೆ ನುಗ್ಗುತ್ತಿದೆ. ಕಿರಿಯ ಮಗುವಿಗೆ ಆಗಲೇ ವಾಂತಿ. ಒಂದು ಗಂಟೆಯ ದಾರಿಯಲ್ಲಿ ಮರೀನಾದ ದೀಪಗಳು ಕಾಣುತ್ತಿವೆ. ಅಲ್ಲಿ ೩೨ ಪೌಂಡು. ಈ ವಾರದ ಲೆಕ್ಕ ಆಗಲೇ ಮೀರಿದೆ. ‘ಇನ್ನೊಂದು ಗಂಟೆ ನೋಡೋಣ, ಗಾಳಿ ಇಳಿದೀತು’ ಎಂದು ತಂದೆಯು ಹೇಳುವ ಆ ಒಂದು ಮಾತಿನಲ್ಲಿ ಅಪಾಯವೆಲ್ಲವೂ ಅಡಗಿದೆ. ಇನ್ನೊಂದು ಗಂಟೆಗೆ ಕತ್ತಲಾಗುವುದು, ಗುರುತು ಕಾಣದ ಬಂದರಿನ ಬಾಗಿಲನ್ನು ಹುಡುಕಬೇಕಾಗುವುದು. ಅವನಿಗೆ ಹೀಗೆ ಹೇಳಿಸಿದ್ದು ಗಾಳಿಯ ತಿಳಿವಳಿಕೆಯಲ್ಲ, ಹಣದ ಚೀಲ. ದೋಣಿಯಲ್ಲಿ ಯಾರು ಬೇಕಾದರೂ ಚುಕ್ಕಾಣಿ ಹಿಡಿಯಲಿ, ದುಡ್ಡು ಮಾತ್ರ ಹಿಡಿಯಬಾರದು.

ಈ ಕಾರಣದಿಂದ ಸೌಕರ್ಯದ ಬೆಲೆಯನ್ನೂ ಆಶ್ರಯದ ಬೆಲೆಯನ್ನೂ ಬೇರೆ ಬೇರೆಯಾಗಿ ಎಣಿಸಬೇಕೆಂಬುದು ನಮ್ಮ ಅಭಿಪ್ರಾಯ. ಬಿಸಿನೀರು, ದೀಪ, ಹೋಟೆಲು, ಊರೊಳಗಿನ ಜಾಗ, ಇವಕ್ಕೆ ಮರೀನಾದವರು ಮನಬಂದ ದರವನ್ನಿಡಲಿ, ಬೇಕಾದವರು ಕೊಡುತ್ತಾರೆ. ಬಿರುಗಾಳಿಯಿಂದ ಮರೆಗೆ ಬಂದವನಿಗೆ ಬರಿಯ ಹಗ್ಗ ಕಟ್ಟುವ ಒಂದು ಗೂಟವಾದರೂ ಅಲ್ಪ ದರದಲ್ಲಿ ದೊರೆಯುವಂತಿರಬೇಕು. ಇದು ಹೊಸ ಮಾತೇನೂ ಅಲ್ಲ. ಬ್ರಿಟನ್ನಿನಲ್ಲಿ ೧೮೪೭ರ ಬಂದರುಗಳ ಶಾಸನವು, ಸರಕನ್ನು ಏರಿಳಿಸುವುದಕ್ಕೂ ಪ್ರಯಾಣಿಕರು ಹತ್ತಿ ಇಳಿಯುವುದಕ್ಕೂ ಸುಂಕ ತೆತ್ತ ಸರ್ವರಿಗೂ ಬಂದರು ತೆರೆದಿರತಕ್ಕದ್ದೆಂದು ವಿಧಿಸಿತು. ೧೯೬೪ರ ಶಾಸನವು ಬಂದರಿನ ಅಧಿಕಾರಿಗಳು ಹಾಕಿದ ನೌಕಾಸುಂಕವು ಹೆಚ್ಚೆಂದು ತೋರಿದರೆ ಮಂತ್ರಿಯ ಬಳಿ ಆಕ್ಷೇಪಣೆ ಸಲ್ಲಿಸುವ ಹಕ್ಕನ್ನು ಕೊಟ್ಟಿದೆ. ವೈಟ್ ದ್ವೀಪದ ಯಾರ್ಮತ್, ಎದುರು ದಡದ ಲಿಮಿಂಗ್ಟನ್ ಮುಂತಾದ ಬಂದರುಗಳನ್ನು ಧರ್ಮದರ್ಶಿಗಳಂತಿರುವ ಕಮಿಷನರುಗಳು ನಡೆಸುತ್ತಾರೆ. ಅಲ್ಲಿ ಪಾಲುದಾರರಿಗೆ ಹಂಚುವ ಲಾಭವಿಲ್ಲ, ಉಳಿದ ಹಣವು ಬಂದರಿಗೇ ಮರಳುತ್ತದೆ. ಖಾಸಗಿ ಮರೀನಾದ ದರಕ್ಕೆ ಈ ಬಗೆಯ ಆಕ್ಷೇಪಣೆ ನಡೆಯುವುದಿಲ್ಲ. ಅದು ಅಂಗಡಿಯ ವ್ಯಾಪಾರ. ಎರಡು ಬಗೆಯ ಬಂದರುಗಳೂ ಒಂದೇ ಕಡಲಿನಲ್ಲಿ ಪಕ್ಕಪಕ್ಕದಲ್ಲಿ ಇರುವುದೇ ಸೋಲೆಂಟಿನ ಭಾಗ್ಯ. ಛತ್ರವಿರುವ ಊರಿನಲ್ಲಿ ಹೋಟೆಲಿನವನೂ ಒಂದು ಮಿತಿಯಲ್ಲಿರುತ್ತಾನೆ.

ನಾವಿಕನ ಕರ್ತವ್ಯವೂ ಕಡಿಮೆಯದಲ್ಲ. ಹೊರಡುವ ಮುನ್ನವೇ ಬೇಸಗೆಯ ರಾತ್ರಿಗಳನ್ನು ಎಣಿಸಿ, ಅವುಗಳಲ್ಲಿ ಎರಡು ಮೂರು ರಾತ್ರಿಗಳ ಮರೀನಾ ಬಾಡಿಗೆಯನ್ನು ಬಿರುಗಾಳಿಗೆಂದೇ ತೆಗೆದಿಡಬೇಕು. ಮನೆಯಲ್ಲಿ ಕಾಯಿಲೆ ಕಸಾಲೆಗೆಂದು ಮಡಕೆಯಲ್ಲಿ ಹಾಕಿಟ್ಟ ಹಣವನ್ನು ಗೃಹಿಣಿಯು ಹೇಗೆ ಮುಟ್ಟಳೋ ಹಾಗೆಯೇ ಅದನ್ನೂ ವಿನೋದಕ್ಕೆ ಮುಟ್ಟಬಾರದು. ಬೇಸಗೆ ಕಳೆದು ಅದು ಉಳಿದರೆ ಸಂತೋಷ, ವೆಚ್ಚವಾದರೆ ನಷ್ಟವಲ್ಲ. ಊರು ನೋಡಬೇಕೆಂದರೆ ಹಗಲಿನ ಕೆಲವು ಗಂಟೆಗಳ ಅಲ್ಪ ಬಾಡಿಗೆಯನ್ನು ಕೊಟ್ಟು, ನೀರು ತುಂಬಿಸಿಕೊಂಡು, ಸಾಮಾನು ಕೊಂಡು, ಸಂಜೆ ಲಂಗರಿಗೆ ಹೋಗಬಹುದು. ಬಾಡಿಗೆಯನ್ನು ತಪ್ಪಿಸಿಕೊಳ್ಳಲು ನಸುಕಿನಲ್ಲೇ ಹಗ್ಗ ಬಿಚ್ಚಿ ಓಡುವುದು ಮಾತ್ರ ಮರ್ಯಾದೆಯಲ್ಲ. ಅವನು ಕೊಡದ ಹಣವನ್ನು ಅವನ ಹಿಂದೆ ಬರುವವನು ಕೊಡುತ್ತಾನೆ.

ನಮ್ಮ ದೇಶದಲ್ಲಿ ಇಂತಹ ನಿಲುಗಡೆಗಳು ಈಗೀಗ ತಲೆಯೆತ್ತುತ್ತಿವೆ. ಕೊಚ್ಚಿಯ ಬೋಲ್ಗಾಟ್ಟಿ ದ್ವೀಪದಲ್ಲಿ ಕೇರಳದ ಪ್ರವಾಸೋದ್ಯಮ ನಿಗಮದ ಮರೀನಾ ೨೦೧೦ರಲ್ಲಿ ಆರಂಭವಾಯಿತು. ಮುಂದೆ ಬೇರೆ ತೀರಗಳಲ್ಲಿಯೂ ಅಲೆತಡೆಗೋಡೆಗಳು ಏಳಬಹುದು, ತೇಲುವ ಜಗಲಿಗಳು ಹಾಸಬಹುದು. ಕಟ್ಟುವವರು ದರದ ಹಲಗೆಯನ್ನು ಬರೆಯುವ ಮೊದಲು ಒಂದು ಗೂಟವನ್ನು ಗಾಳಿಗೆ ಸಿಕ್ಕಿ ಬಂದವನಿಗೆಂದು ಬಿಟ್ಟಿಡಲಿ. ಮೀನುಗಾರನಾಗಲಿ ವಿಹಾರಿಯಾಗಲಿ, ಅಂದಿನ ರಾತ್ರಿ ಅವರಿಬ್ಬರೂ ಒಂದೇ. ಉಳಿದ ಗೂಟಗಳಿಗೆ ಮೀಟರು ಹಿಡಿದು ಅಳೆದು ಹಣ ಪಡೆಯಲಿ. ಅದಕ್ಕೆ ಯಾರೂ ಬೇಡವೆನ್ನರು.